ಚಿಪ್ಪು ಮೊದಲು, ಬೆಂಕಿ ಆಮೇಲೆ

ಇಸ್ಪೀಟಿನಂಥ ಒಂದು ಆಟದಲ್ಲಿ ಸೋತಿದ್ದಕ್ಕೆ ಯಾರಾದರೂ ಇಷ್ಟು ವರ್ಷದ ಮೇಲೂ ಮುಖ ಊದಿಸಿಕೊಂಡು ಇರುತ್ತಾರೇನು ಎಂದು ಕೇಳಿದರೆ, ಇರುತ್ತಾರೆ ಎನ್ನುತ್ತೇನೆ. ನಾನಿದ್ದೇನೆ. ಸೋತಿದ್ದರೆ ಎಂದೋ ಮರೆಯುತ್ತಿದ್ದೆ. ನಾನು ಸೋತಿರಲಿಲ್ಲ. ಗೆದ್ದ ಆಟವನ್ನು ನನ್ನ ಕೈಯಿಂದ ಕಿತ್ತು ಇನ್ನೊಬ್ಬಳ ಕೈಗೆ ಇಟ್ಟರು. ಹಾಗೆ ಇಟ್ಟವನು ನಮ್ಮಪ್ಪ.

ನಾವಿದ್ದದ್ದು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿ ಬಿಟ್ಟು ಒಳಗೆ, ಕಾಲುವೆಯ ಏರಿಯ ಪಕ್ಕದ ಒಂದು ಸಣ್ಣ ಕ್ಯಾಂಪಿನಲ್ಲಿ. ಆರು ಕ್ವಾರ್ಟರ್ಸು, ಒಂದು ಆಫೀಸು, ಒಂದು ಬೇವಿನ ಮರ, ಸದಾ ಬಾನೆಟ್ ತೆರೆದುಕೊಂಡು ನಿಂತ ಒಂದು ಜೀಪು. ಸಂತೆಗೆ ಶಹಾಪುರ, ಜ್ವರ ಬಂದರೆ ಭೀಮರಾಯನಗುಡಿಯ ಆಸ್ಪತ್ರೆ. ಅಪ್ಪನದು ಗೇಟಿನ ಕೆಲಸ. ಕಾಲುವೆಯಿಂದ ಹೊಲಗಳಿಗೆ ನೀರು ತಿರುಗುವ ಕಡೆ ಕಬ್ಬಿಣದ ಗೇಟುಗಳಿರುತ್ತವಲ್ಲ, ಅವನ್ನು ಪಾಳಿಯ ಪ್ರಕಾರ ಎತ್ತುವುದು, ಇಳಿಸುವುದು. ಹನ್ನೊಂದು ವರ್ಷದಿಂದ ದಿನಗೂಲಿ. ಖಾಯಂ ಆಗುವ ಮಾತು ಪ್ರತಿ ವರ್ಷ ಬರುತ್ತಿತ್ತು, ಹೋಗುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವಳು ನಮ್ಮವ್ವ. ಖಾಯಂ ಆದ ಮೇಲೆ ಯಾವ ದೇವರಿಗೆ ಏನು ಮಾಡಬೇಕೆಂದು ಅವಳು ಮೂರು ಸಲ ಹರಕೆ ಬದಲಾಯಿಸಿದ್ದಳು.

ಅಪ್ಪನ ಹತ್ತಿರ ಬೆಲ್ಟು ಹರಿದ ಒಂದು ಕೈಗಡಿಯಾರ ಇತ್ತು. ಅದನ್ನು ಅಂಗಿಯ ಜೇಬಿನಲ್ಲಿಟ್ಟು, ಗುಂಡಿಗೆ ದಾರ ಕಟ್ಟಿಕೊಂಡಿದ್ದ. ಯಾರ ಪಾಳಿ ಎಷ್ಟು ತಾಸು ಎಂಬುದು ಅವನಿಗೆ ಬಾಯಿಪಾಠ. ಒಮ್ಮೆ ಕಾಲುವೆಯ ಮೇಲ್ತುದಿಯಲ್ಲಿ ಭತ್ತ ಹಚ್ಚಿದ್ದ ದೊಡ್ಡ ರೈತನೊಬ್ಬ ಮೋಟಾರ್ ಸೈಕಲ್ ಮೇಲೆ ಬಂದು, "ಇನ್ನರ್ಧ ತಾಸು ಬಿಡೋ ಮಾರಾಯಾ, ಯಾರು ನೋಡಾಕತ್ತಾರ?" ಎಂದ. ಅಪ್ಪ ಜೇಬಿನಿಂದ ಗಡಿಯಾರ ತೆಗೆದು, ಅಂಗೈಯಲ್ಲಿಟ್ಟು, ಅದರ ಮುಖವನ್ನು ಅವನ ಕಡೆ ತಿರುಗಿಸಿ, "ಇದು ನೋಡಾಕತ್ತದ್ರಿ" ಎಂದು ಗೇಟು ಇಳಿಸಿದ. ನಾನು ಏರಿಯ ಮೇಲೆ ನಿಂತು ನೋಡುತ್ತಿದ್ದೆ. ಹತ್ತು ವರ್ಷದ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಫ್ರಾಕಿನ ಗುಂಡಿ ಹರಿಯಬೇಕಿತ್ತು.

ಆಮೇಲೆ ನೀರಿನ ಜಗಳವಷ್ಟೇ ಅಲ್ಲ, ಮೇಕೆ ಯಾರ ಹೊಲಕ್ಕೆ ನುಗ್ಗಿತು, ಬದುವಿನ ಕಲ್ಲನ್ನು ಯಾರು ಸರಿಸಿದರು ಎಂಬುದೂ ಅಪ್ಪನ ಹತ್ತಿರ ಬರತೊಡಗಿತು. "ಗೇಟಿನವ ಹೇಳಿದ್ರ ಮುಗೀತು" ಎನ್ನುತ್ತಿದ್ದರು ಜನ. ಅಪ್ಪ ಹೆಚ್ಚು ಮಾತಾಡುತ್ತಿರಲಿಲ್ಲ. ಇಬ್ಬರ ಮಾತನ್ನೂ ಪೂರ್ತಿ ಕೇಳುತ್ತಿದ್ದ. ಒಬ್ಬ ಇನ್ನೊಬ್ಬನ ಮಾತಿನ ನಡುವೆ ಬಾಯಿ ಹಾಕಿದರೆ ಕೈ ಎತ್ತಿ ತಡೆಯುತ್ತಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೀರಿನ ಕಾಯಿದೆ ಏನೇ ಹೇಳಲಿ, ಕಾಲುವೆಗೆ ತನ್ನದೇ ಒಂದು ನಡತೆಯಿದೆ. ಮೇಲಿನವರಿಗೆ ಮೊದಲು, ಕೆಳಗಿನವರಿಗೆ ಆಮೇಲೆ, ಕಡೆಯವರಿಗೆ ಉಳಿದರೆ ಉಂಟು. ಅವ್ವನ ತವರು ಕಾಲುವೆಯ ಕಟ್ಟಕಡೆಯ ಊರು. ಟೇಲ್ ಎಂಡ್ ಎಂದು ಅಲ್ಲಿನ ಮುದುಕರೂ ಇಂಗ್ಲಿಷಿನಲ್ಲೇ ಹೇಳುತ್ತಿದ್ದರು, ಊರಿನ ಹೆಸರೇ ಅದು ಎನ್ನುವ ಹಾಗೆ. ಅಪ್ಪ ಎಷ್ಟೇ ನಿಯತ್ತಿನಿಂದ ಗೇಟು ಇಳಿಸಿದರೂ ಅಲ್ಲಿಗೆ ಮುಟ್ಟುತ್ತಿದ್ದದ್ದು ಕಾಲು ತೊಳೆಯುವಷ್ಟು ನೀರು. ನಮ್ಮ ಮಾವಂದಿರು ಬಂದಾಗಲೆಲ್ಲ "ನಿನ್ನ ಗಡಿಯಾರ ನಮ್ಮೂರಿಗಿ ಬರೂದ್ರಾಗ ನಿಂತಬಿಡ್ತದ ನೋಡು" ಎಂದು ಅಪ್ಪನನ್ನು ಕಾಡುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ.

ನನಗೆ ಹನ್ನೆರಡಾದ ವರ್ಷ ಆಫೀಸಿಗೆ ಹೊಸ ಸಾಹೇಬರು ಬಂದರು. ಎಂಜಿನಿಯರು, ಮೈಸೂರು ಸೀಮೆಯವರು. ಜೊತೆಗೆ ಹೆಂಡತಿ, ನನ್ನದೇ ವಯಸ್ಸಿನ ಮಗಳು. ಅವಳು ಬಂದ ಮೊದಲ ವಾರ ಹೊರಗೇ ಬರಲಿಲ್ಲ. ಆಮೇಲೆ ಒಂದು ದಿನ ನನ್ನನ್ನು ಕರೆದು, "ನೀವೆಲ್ಲ ಇಡೀ ದಿನ ಜಗಳ ಆಡ್ತೀರ ಅನ್ಕೊಂಡಿದ್ದೆ. ಮಾತಾಡ್ತಿರೋದು ಅಂತ ಅಮ್ಮ ಹೇಳಿದ್ರು" ಎಂದಳು. ನನಗೂ ಅವಳ ಮಾತು ಕೇಳಿದರೆ ಯಾರೋ ಹಾಲುಗೂಸಿಗೆ ಬುದ್ಧಿ ಹೇಳುತ್ತಿದ್ದಾರೆ ಅನಿಸುತ್ತಿತ್ತು. ಹೇಳಲಿಲ್ಲ. ಅವಳ ಕೈಯಲ್ಲಿ ಒಂದು ಡಬ್ಬಿ ಇತ್ತು.

ಡಬ್ಬಿಯಲ್ಲಿದ್ದದ್ದು ಕಾರ್ಡುಗಳು. ಅವಳ ಸೋದರಮಾವ ದುಬೈನಿಂದ ತಂದುಕೊಟ್ಟಿದ್ದು. ಇಸ್ಪೀಟಿನ ಹಾಗೆ ರಾಜ, ರಾಣಿ ಅಲ್ಲ. ಒಂದೊಂದರ ಮೇಲೂ ಒಂದೊಂದು ವಿಚಿತ್ರ ಪ್ರಾಣಿ, ಇಲ್ಲವೇ ಒಂದು ಮಂತ್ರ, ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅದು ಏನು ಮಾಡುತ್ತದೆಂಬ ವಿವರ. ಆಡಲು ಇಬ್ಬರು ಬೇಕು, ಇಬ್ಬರಿಗೂ ತಮ್ಮ ತಮ್ಮ ಕಟ್ಟು ಬೇಕು. ಕ್ಯಾಂಪಿನಲ್ಲಿ ಅವಳ ಜೊತೆ ಕೂರಬಹುದಾದ ಹುಡುಗಿ ನಾನೊಬ್ಬಳೇ. ತನಗೆ ಬೇಡವಾದ ಕಾರ್ಡುಗಳನ್ನೆಲ್ಲ ಒಟ್ಟುಮಾಡಿ ನನಗೊಂದು ಕಟ್ಟು ಕೊಟ್ಟಳು. ಇಲಿ, ಬಾವಲಿ, ಮೂರು ಕುಂಟ ಸೈನಿಕರು. ನಾನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟೆ.

ಆಟ ಇಷ್ಟೇ. ಇಬ್ಬರಿಗೂ ಇಪ್ಪತ್ತು ಜೀವ. ಪ್ರಾಣಿಗಳನ್ನು ನೆಲದ ಮೇಲಿಟ್ಟು ಎದುರಾಳಿಯ ಮೇಲೆ ಬಿಡಬೇಕು, ಅವು ಕಚ್ಚಿದಷ್ಟು ಜೀವ ಕಡಿಮೆಯಾಗುತ್ತದೆ. ಆದರೆ ಮಿಂಚಿನ ಗುರುತಿರುವ ಕೆಲವು ಮಂತ್ರಗಳನ್ನು ಯಾವಾಗ ಬೇಕಾದರೂ, ಎದುರಿನವರ ಪಾಳಿಯಲ್ಲೂ, ಹಾಕಬಹುದು. ಹಾಕಿದ ತಕ್ಷಣ ಅದು ನಡೆಯುವುದಿಲ್ಲ. ಮೊದಲು ಎದುರಿನವರನ್ನು ಕೇಳಬೇಕು, ಉತ್ತರವಾಗಿ ಹಾಕುವ ಕಾರ್ಡು ನಿನ್ನಲ್ಲಿ ಇದೆಯೋ ಇಲ್ಲವೋ ಎಂದು. ಅವಳು "ಆಯ್ತಾ?" ಎನ್ನುತ್ತಿದ್ದಳು, ನಾನು "ಆತೇನ?" ಎನ್ನುತ್ತಿದ್ದೆ. ಎದುರಿನವರು "ಆತು" ಎನ್ನುವವರೆಗೆ ನೆಲಕ್ಕಿಟ್ಟ ಕಾರ್ಡಿಗೆ ಜೀವವಿಲ್ಲ, ಅದು ಸುಮ್ಮನೆ ಕಾಯುತ್ತಿರಬೇಕು.

ತೊಡಕು ಬಂದದ್ದು ಇಬ್ಬರೂ ಹಾಕಿದಾಗ. ಅವಳು ಒಂದು ಮಂತ್ರ ಹಾಕಿದಳು, ಅದಕ್ಕೆ ಉತ್ತರವಾಗಿ ನಾನೊಂದು ಹಾಕಿದೆ. ಯಾವುದು ಮೊದಲು ನಡೆಯಬೇಕು? ಮೊದಮೊದಲು ನಾವು ಕಾಲುವೆಯ ಲೆಕ್ಕದಲ್ಲೇ ಆಡಿದೆವು. ಮೊದಲು ಹಾಕಿದವರದು ಮೊದಲು. ಆ ಲೆಕ್ಕ ನಾನೇ ಹೇಳಿಕೊಟ್ಟದ್ದು, ನನಗೆ ಬೇರೆ ಲೆಕ್ಕ ಗೊತ್ತಿರಲಿಲ್ಲ. ಹಾಗೆ ಆಡಿದರೆ ಉತ್ತರದ ಕಾರ್ಡಿಗೆ ಅರ್ಥವೇ ಇರಲಿಲ್ಲ. ಹೊಡೆತ ಬಿದ್ದ ಮೇಲೆ ಗುರಾಣಿ ಎತ್ತಿದ ಹಾಗೆ. ಇಷ್ಟು ಕಾರ್ಡುಗಳನ್ನು ಯಾಕಾದರೂ ಅಚ್ಚು ಹಾಕಿದರೋ ಎಂದು ಇಬ್ಬರೂ ತಲೆ ಕೆರೆದುಕೊಂಡೆವು.

ಡಬ್ಬಿಯ ತಳದಲ್ಲಿ ಎಂಟು ಮಡಿಕೆ ಮಾಡಿದ ಒಂದು ಹಾಳೆ ಇತ್ತು, ಆಟದ ನಿಯಮದ್ದು. ಪೂರಾ ಇಂಗ್ಲಿಷು. ಅವಳು ಇಂಗ್ಲಿಷ್ ಮೀಡಿಯಂ. ಆದರೆ ಓದುವ ತಾಳ್ಮೆ ಇರಲಿಲ್ಲ. ನನಗೆ ಇಂಗ್ಲಿಷ್ ಇರಲಿಲ್ಲ, ತಾಳ್ಮೆ ಬೇಕಾದಷ್ಟಿತ್ತು. ಶಾಲೆಯಿಂದ ಡಿಕ್ಷನರಿ ಕೇಳಿ ತಂದು, ಅವಳು ಓದಿದ್ದನ್ನು ನಾನು ಪದಪದವಾಗಿ ಹುಡುಕಿ, ನಾಲ್ಕು ಮಧ್ಯಾಹ್ನ ಕೂತು ಆ ಒಂದು ಪ್ಯಾರಾ ಬಿಡಿಸಿದೆವು. ಅದರಲ್ಲಿದ್ದ ಮಾತು ಇದು: ಕಾರ್ಡಿನ ಮೇಲೆ ಕಾರ್ಡು ಇಡುತ್ತ ಹೋಗಿ, ಇಬ್ಬರೂ ಸಾಕು ಎಂದ ಮೇಲೆ, ಕೊನೆಗೆ ಇಟ್ಟದ್ದು ಮೊದಲು ನಡೆಯುತ್ತದೆ, ಮೊದಲು ಇಟ್ಟದ್ದು ಎಲ್ಲಕ್ಕಿಂತ ಕೊನೆಗೆ.

ನಾನು ಅದನ್ನು ಮೂರು ಸಲ ಓದಿಸಿದೆ. ಕೊನೆಯವರಿಗೆ ಮೊದಲು! ಹನ್ನೆರಡು ವರ್ಷದಲ್ಲಿ ಅಂಥ ಮಾತನ್ನು ನಾನು ಎಲ್ಲೂ ಕೇಳಿರಲಿಲ್ಲ. ಮನೆಗೆ ಓಡಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಹೇಳಿದೆ. ಅವಳು ಕೈ ನಿಲ್ಲಿಸದೆ, "ಅಂಥಾ ಕಾಲುವಿ ಯಾವ ಊರಾಗ ಅದಂತ ಕೇಳ್ಕೊಂಬಾ, ನಮ್ಮಣ್ಣಗೋಳನ್ನ ಅಲ್ಲಿಗೇ ಕಳಸೋಣು" ಎಂದಳು. ಆವತ್ತು ನಗು ಬಂತು. ಆ ನಿಯಮದ ಮೇಲೆ ನನಗೊಂದು ಮಮತೆಯೇ ಹುಟ್ಟಿತು. ಅದು ನನ್ನ ಕಡೆಯದು, ನಮ್ಮ ಮಾವಂದಿರ ಕಡೆಯದು ಅನಿಸಿತ್ತು.

ಅಂದಿನಿಂದ ಆಟಕ್ಕೆ ಕಳೆ ಬಂತು. ನಾವು ಆಡುತ್ತಿದ್ದದ್ದು ಆಫೀಸಿನ ಕಟ್ಟೆಯ ಮೇಲೆ. ಅಪ್ಪನೂ ಅಲ್ಲೇ ಇರುತ್ತಿದ್ದ. ಮೇಲಿನಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿ ಆಫೀಸಿನ ವಾಯರ್‌ಲೆಸ್ಸಿಗೆ ಬರುತ್ತಿತ್ತು. ಅದು ಬರುವವರೆಗೆ ಕಟ್ಟೆಯ ಮೂಲೆಯಲ್ಲಿ ಕೂತು ಗೇಟಿನ ಕೀಲಿಗೆ ಗ್ರೀಸು ಸವರುತ್ತ, ಬೀಡಿ ಸೇದುತ್ತ ಇರುತ್ತಿದ್ದ. ನಾವು ಕಾರ್ಡಿಗೊಮ್ಮೆ ನಿಯಮವನ್ನು ಮಗ್ಗಿಯ ಹಾಗೆ ಜೋರಾಗಿ ಹೇಳಿಕೊಳ್ಳುತ್ತಿದ್ದೆವು. "ಕೊನೆಗೆ ಹಾಕಿದ್ದು ಮೊದಲು, ಕೊನೆಗೆ ಹಾಕಿದ್ದು ಮೊದಲು." ಒಮ್ಮೆ ಅಪ್ಪ, "ಏನಬೇ ಅದು, ಬೆಳಗಿಂದ ಆತೇನ ಆತೇನ ಅಂತ ಹಚ್ಚೀರಿ, ಬಾವಿ ಕಪ್ಪಿ ಒದರಿದಂಗ" ಎಂದಿದ್ದ. ಅಷ್ಟು ಬಿಟ್ಟರೆ ಆಟದ ಕಡೆ ಅವನ ಲಕ್ಷ್ಯವಿದ್ದಂತೆ ಕಾಣುತ್ತಿರಲಿಲ್ಲ.

ಅವಳ ಕಟ್ಟಿನಲ್ಲಿ ಒಂದು ಆಮೆ ಇತ್ತು. ಬೆನ್ನ ಮೇಲೆ ಗುಡ್ಡ, ಗುಡ್ಡದ ಮೇಲೆ ಕೋಟೆ. ನೋಡಿದೊಡನೆ ನನಗೆ ನಮ್ಮ ಹತ್ತಿರದ ವನದುರ್ಗ ನೆನಪಾಯಿತು, ಕೋಟೆಯನ್ನು ಹೊತ್ತುಕೊಂಡು ಊರೇ ಎದ್ದು ನಡೆದಂತೆ. ನಿಧಾನದ ಪ್ರಾಣಿಯೆಂದು ಅವಳಿಗೆ ಅದು ಸೇರುತ್ತಿರಲಿಲ್ಲ. ಅವಳಿಗೆ ಸೇರುತ್ತಿದ್ದದ್ದು ಚಿಗಳಿ. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಖಾರ ಕುಟ್ಟಿ ಕಡ್ಡಿಗೆ ಚುಚ್ಚಿ ಚೀಪುವುದು. ಅವಳ ತಾಯಿ ಗಂಟಲು ಕೆಡುತ್ತದೆಂದು ಬಿಡುತ್ತಿರಲಿಲ್ಲ. ದಸರೆಯಿಂದ ಸಂಕ್ರಾಂತಿಯವರೆಗೆ ದಿನಕ್ಕೊಂದು ಚಿಗಳಿ ಕದ್ದುಮುಚ್ಚಿ ತಂದುಕೊಟ್ಟು ಆ ಆಮೆಯನ್ನು ನಾನು ಪಡೆದೆ. ಕುಟ್ಟಿ ಕುಟ್ಟಿ ನನ್ನ ಅಂಗೈ ಸಿಪ್ಪೆ ಎದ್ದಿತ್ತು. ಯಾರೂ ಕರುಣೆಯಿಂದ ಕೊಡದ, ನಾನೇ ದುಡಿದು ತಂದ ವಸ್ತು ಆವರೆಗೆ ನನ್ನ ಹತ್ತಿರ ಅದೊಂದೇ ಇತ್ತು.

ಆಮೆ ನನ್ನ ಕಡೆ ಬಂದ ಮೇಲೆ ನಾನು ಗೆಲ್ಲತೊಡಗಿದೆ. ಅವಳಿಗೆ ಹೊಟ್ಟೆಕಿಚ್ಚು ಶುರುವಾಯಿತು. ಒಂದು ದಿನ, "ಇವತ್ತು ಪಣ ಕಟ್ಟಿ ಆಡೋಣ. ಗೆದ್ದೋರು ಸೋತೋರ ಒಂದು ಕಾರ್ಡು ತಗೋಬೇಕು, ಯಾವ್ದು ಬೇಕೋ ಅದು" ಎಂದಳು. ಅವಳ ಕಣ್ಣು ಯಾವುದರ ಮೇಲಿದೆಯೆಂದು ನನಗೆ ಗೊತ್ತಿತ್ತು. ಒಪ್ಪಿದೆ. ಗೆಲ್ಲುತ್ತೇನೆಂಬ ಸೊಕ್ಕು.

ಅದೇ ವಾರ ನಮ್ಮ ಮನೆಯಲ್ಲಿ ಬೇರೊಂದು ಮಾತು ನಡೆದಿತ್ತು. ಖಾಯಂ ಮಾಡುವವರ ಯಾದಿ ಈ ಸಲ ನಿಜಕ್ಕೂ ಹೋಗುತ್ತದೆ, ನಮ್ಮ ಕ್ಯಾಂಪಿನ ಹೆಸರುಗಳನ್ನು ಸಾಹೇಬರೇ ಬರೆದು ಕಳಿಸಬೇಕು. ಅವ್ವ ನನಗೆ, "ಆ ಹುಡಿಗಿ ಕೂಡ ಜಗಳಾ ಗಿಗಳಾ ತಗಿಬ್ಯಾಡ ನೋಡು" ಎಂದು ಎರಡು ಸಲ ಹೇಳಿದ್ದಳು.  ಆ ವಾರ ಅಪ್ಪ ದಿನಾ ಗಡ್ಡ ಹೆರೆದುಕೊಳ್ಳುತ್ತಿದ್ದ.

ಆಟ ಕಡೆಗೆ ಬಂದಾಗ ಅವಳಿಗೆ ಮೂರು ಜೀವ ಉಳಿದಿತ್ತು, ನನಗೆ ಎರಡು. ಪಾಳಿ ನನ್ನದು. ನೆಲದ ಮೇಲೆ ಆಮೆ. ಆಮೆ ಒಂದು ಸಲ ಕಚ್ಚಿದರೆ ಮೂರು ಜೀವ, ಆಟ ಮುಗಿಯಿತು. ನಾನು ಆಮೆಯನ್ನು ಮುಂದೆ ಸರಿಸಿದೆ. ಅವಳು ತಡೆದಿಟ್ಟುಕೊಂಡಿದ್ದ ಬೆಂಕಿಮಳೆಯ ಮಂತ್ರವನ್ನು ಆಮೆಯ ಮೇಲೆ ಹಾಕಿ, "ಆಯ್ತಾ?" ಎಂದಳು. ಬೆಂಕಿ ಬಿದ್ದರೆ ಆಮೆ ಸಾಯುತ್ತದೆ, ಅದರ ಜೊತೆಗೇ ನನ್ನ ಎರಡು ಜೀವವೂ ಹೋಗಿ ಆಟ ಅವಳದಾಗುತ್ತದೆ. ನಾನು ಆತು ಎನ್ನಲಿಲ್ಲ. ನನ್ನ ಕೈಯಲ್ಲಿದ್ದದ್ದು ಚಿಪ್ಪಿನ ಮಂತ್ರ, ಮಿಂಚಿನ ಗುರುತಿನದು. ಅದು ನಡೆದರೆ ಆ ಪಾಳಿಯಲ್ಲಿ ಆಮೆಗೆ ಏನೂ ತಾಗುವುದಿಲ್ಲ. ಅದನ್ನು ಅವಳ ಬೆಂಕಿಯ ಮೇಲಿಟ್ಟು, "ಆತೇನ?" ಎಂದೆ. ಅವಳು ತನ್ನ ಕೈಯ ಕಾರ್ಡುಗಳನ್ನು ತಿರುವಿ ತಿರುವಿ ನೋಡಿದಳು. ಏನೂ ಇರಲಿಲ್ಲ. "ಆಯ್ತು" ಎಂದಳು.

ಕೊನೆಗೆ ಹಾಕಿದ್ದು ಮೊದಲು. ಚಿಪ್ಪು ಮೊದಲು ಮುಚ್ಚಿತು, ಬೆಂಕಿ ಆಮೇಲೆ ಬಂದು ಚಿಪ್ಪಿನ ಮೇಲೆ ಬಿತ್ತು, ಆಮೆ ಬದುಕಿತು, ನಾನು ಗೆದ್ದೆ. ಇದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಎದ್ದು ನಿಂತೆ. ಅವಳು ಕೂತೇ ಇದ್ದಳು. "ಬೆಂಕಿ ನಾನು ಮೊದಲು ಹಾಕಿದ್ದು. ನಿನ್ನ ಆಮೆ ಆಗ್ಲೇ ಸತ್ತೋಯ್ತು. ಸತ್ತಮೇಲೆ ಚಿಪ್ಪು ಹಾಕಿ ಏನ್ಮಾಡ್ತೀಯ?" ಎಂದಳು.

"ಕೊನೀಗೆ ಹಾಕಿದ್ದು ಮೊದಲ ಅಲ್ಲೇನಬೇ? ದಿನಾ ಹಂಗ ಆಡ್ತೀವಲ್ಲ!"

"ಅದು ಬೇರೆ ಥರ ಕಾರ್ಡಿಗೆ."

"ಹಾಳಿ ತಗೊಂಬಾ, ತೋರಸ್ತೀನಿ."

"ಹಾಳೆ ಎಲ್ಲಿದ್ಯೋ ಗೊತ್ತಿಲ್ಲ" ಎಂದಳು. ಹೇಳುವಾಗ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡಿದ್ದಳು.

ಆಗ ನಾನು ಮಾಡಿದ ಕೆಲಸಕ್ಕೆ ಈಗಲೂ ನನ್ನ ಹಣೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಪಾಳಿಯ ಜಗಳ ಎಲ್ಲರೂ ಯಾರ ಹತ್ತಿರ ಒಯ್ಯುತ್ತಿದ್ದರೋ ಅವನ ಹತ್ತಿರವೇ ಒಯ್ದೆ. ಅವನು ಐದು ಮಾರು ದೂರದಲ್ಲಿ ಕೂತಿದ್ದ. "ಅಪ್ಪಾ, ನೀನ ಹೇಳು" ಎಂದೆ. ಇವನು ನನ್ನ ಅಪ್ಪ ಎಂದು ಕೇಳಿದ್ದಲ್ಲ. ಇವನು ಗೇಟಿನವನು, ಇವನ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂದು ಕೇಳಿದ್ದು.

ಅಪ್ಪ ಗ್ರೀಸಿನ ಕೈಯನ್ನು ಅರಿವೆಗೆ ಒರೆಸಿಕೊಂಡ. ಆಫೀಸಿನ ಕಿಟಕಿಯ ಕಡೆ ಒಮ್ಮೆ ನೋಡಿದ. ಒಳಗೆ ಸಾಹೇಬರು ಯಾರ ಜೊತೆಗೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. "ಸಣ್ಣಕ್ಕೋರ, ನೀವು ಹೇಳ್ರಿ" ಎಂದ. ಹನ್ನೆರಡು ವರ್ಷದವಳಿಗೆ ಬಹುವಚನ. ಅವಳು ಹೇಳಿದಳು, ಪೂರ್ತಿ ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, "ಮೊದಲ ಕಾರ್ಡು ಯಾರು ಹಾಕ್ಯಾರ?" ಎಂದ.

"ಅಕಿ ಹಾಕ್ಯಾಳ. ಖರೇ ಅಪ್ಪಾ, ನಮ್ಮ ಆಟದಾಗ ಕೊನೀಗೆ..."

"ನಾ ಕೇಳಿದ್ದಷ್ಟಕ್ಕ ಹೇಳು."

"ಅಕಿ."

"ಹಂಗಿದ್ರ ಅಕ್ಕೋರದ ಮೊದಲ ನಡೀತದ. ಕಾಲುವಿಗಿ ಹೆಂಗೋ ಆಟಕ್ಕೂ ಹಂಗ. ಆಮಿ ಕೊಟ್ಟಬಿಡು."

ಅಪ್ಪನ ಕೈ ಗಡಿಯಾರದ ಜೇಬಿಗೆ ಹೋಗಲೇ ಇಲ್ಲ. ನನ್ನ ಮಾತಿನ ನಡುವೆ ಬಾಯಿ ಹಾಕಿದ್ದು ಅವನೇ. ಆಮೆಯನ್ನು ಕೊಟ್ಟೆ. ಕೊಡುವಾಗ ಅವಳ ಮುಖ ನೋಡಿದೆ. ಅವಳಿಗೇ ದಿಗಿಲಾಗಿತ್ತು. ಇಷ್ಟು ಸಲೀಸಾಗಿ ಸಿಗುತ್ತದೆಂದು ಅವಳೂ ಅಂದುಕೊಂಡಿರಲಿಲ್ಲ. ಕಾರ್ಡನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಮನೆಯೊಳಗೆ ಹೋದಳು. ಆಫೀಸಿನೊಳಗೆ ಸಾಹೇಬರ ಫೋನು ಇನ್ನೂ ನಡೆದೇ ಇತ್ತು.

ಮನೆಗೆ ಹೋಗಿ ಅತ್ತುಬಿಟ್ಟೆ. ಅವ್ವ, "ಆಟದಾಗ ಸೋತ್ರ ಅನ್ನ ಸೋತಂಗಾತೇನು?" ಎಂದಳು. ಅಪ್ಪ ಉಂಡು ಗೇಟಿಗೆ ಹೋದ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ, ಮೂರನೆಯ ದಿನಕ್ಕೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪಾಪ, ಅವನಿಗೆ ಆಟ ಗೊತ್ತಿಲ್ಲ. ಇಡೀ ಜನ್ಮ ಕಾಲುವೆ ಕಂಡವನು, ಕಾಲುವೆಯ ಲೆಕ್ಕ ಹೇಳಿದ. ನಾನೂ ಮೊದಲು ಅದೇ ತಪ್ಪು ಮಾಡಿದ್ದೆನಲ್ಲ! ಅವನು ತಪ್ಪಿದ್ದು ಹೌದು, ಆದರೆ ನಿಯತ್ತಿನಿಂದ ತಪ್ಪಿದ. ಯಾದಿಯ ಮಾತು ತಲೆಗೆ ಬಂದಿರಲಿಲ್ಲವೆಂದಲ್ಲ. ನಾನೇನು ದಡ್ಡಿಯಾಗಿರಲಿಲ್ಲ. ಬಂದ ಮಾತನ್ನು ಒದ್ದು ಹೊರಗೆ ಹಾಕಿದೆ. ಬೇಲಿಯೇ ಎದ್ದು ಹೊಲ ಮೇಯುವ ಗಾದೆ ಊರಿನವರಿಗೆಲ್ಲ ಇರಲಿ, ನಮ್ಮಪ್ಪನಿಗೆ ಬೇಡ.

ಆಟ ಅಲ್ಲಿಗೆ ನಿಂತಿತು. ಆಮೆಯಿಲ್ಲದ ನನ್ನ ಕಟ್ಟಿನಲ್ಲಿ ಏನೂ ಇರಲಿಲ್ಲ, ಅವಳೂ ಕರೆಯಲಿಲ್ಲ. ಬೇಸಿಗೆಗೆ ಸಾಹೇಬರಿಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸಿದವನು ಅಪ್ಪನೇ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಡುತ್ತ ನಾನೂ ಇದ್ದೆ. ಹೊರಡುವ ಹೊತ್ತಿಗೆ ಸಾಹೇಬರು ಅಪ್ಪನ ಹೆಗಲು ತಟ್ಟಿ, ನನ್ನ ಕಡೆ ನೋಡಿ, "ಇವಳು ಯಾರಯ್ಯ, ನಿನ್ನ ಮಗಳಾ? ನಿನಗೆ ಮಗಳಿದಾಳೆ ಅಂತಲೇ ಗೊತ್ತಿರ್ಲಿಲ್ಲ" ಎಂದರು. ಎಂಟು ತಿಂಗಳು ನಾನು ಅವರ ಕಟ್ಟೆಯ ಮೇಲೆ, ಅವರ ಕಿಟಕಿಯ ಕೆಳಗೆ ಕೂತು ಅವರ ಮಗಳ ಜೊತೆ ಕೂಗಾಡಿದ್ದೆ. ಅವರು ಕೆಟ್ಟವರಲ್ಲ, ನೋಡೇ ಇರಲಿಲ್ಲ ಅಷ್ಟೇ. ಅಪ್ಪ "ಹೌದ್ರಿ" ಎಂದು ಹಲ್ಲು ಬಿಟ್ಟ. ನಾನು ಆ ನಗುವಿಗೆ ಬೆನ್ನು ತಿರುಗಿಸಿ ಲಾರಿಯ ಹಿಂದೆ ಹೋಗಿ ನಿಂತೆ.

ಖಾಲಿ ಕ್ವಾರ್ಟರ್ಸು ಗುಡಿಸಲು ಅವ್ವನ ಜೊತೆ ಹೋದಾಗ, ಅಲ್ಲೇ ಬಿಟ್ಟುಹೋದ ಕುಂಟ ಮೇಜಿನ ಕಾಲಿನ ಕೆಳಗೆ ಎಂಟು ಮಡಿಕೆಯ ಹಾಳೆ ಸಿಕ್ಕಿತು. ಮೇಜು ಅಲ್ಲಾಡದಿರಲೆಂದು ಇಟ್ಟಿದ್ದರು. ಆಮೆ ಸಿಗಲಿಲ್ಲ, ಮೂಲೆಮೂಲೆ ಹುಡುಕಿದೆ. ಹಾಳೆಯನ್ನು ತಂದು ಅಪ್ಪನ ಮುಂದೆ ಹಿಡಿಯಬೇಕೆಂದು ಬಾಗಿಲವರೆಗೆ ಓಡಿ ಬಂದವಳು ಅಲ್ಲೇ ನಿಂತೆ. ತೋರಿಸಿದರೆ, ತನ್ನ ಒಂದು ಫೈಸಲಾ ತಪ್ಪಾಯಿತೆಂದು ಅವನಿಗೆ ಗೊತ್ತಾಗುತ್ತದೆ. ಗಡಿಯಾರದ ಮುಖ ತಿರುಗಿಸಿ ತೋರಿಸುವ ಕೈ ಆಮೇಲೆ ಹಿಂಜರಿದರೆ? ಹಾಳೆಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಹನ್ನೆರಡು ವರ್ಷದ ಹುಡುಗಿ ತನ್ನ ಅಪ್ಪನನ್ನು ಕಾಪಾಡಿದಳು. ಆ ಮೂರ್ಖಳ ಮೇಲೆ ನನಗೀಗ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಆ ಯಾದಿಯಲ್ಲಿ ಅಪ್ಪನ ಹೆಸರು ಬರಲಿಲ್ಲ. ನಾಲ್ಕು ವರ್ಷದ ಮೇಲೆ ಒಂದೇ ಹುಕುಮಿನಲ್ಲಿ ಅವನ ಜೊತೆಯವರೆಲ್ಲರೂ ಖಾಯಂ ಆದರು, ಗೇಟಿನ ಹತ್ತಿರ ಕುಡಿದು ಮಲಗುತ್ತಿದ್ದವನೂ ಆದ. ಯಾರ ಮಗಳು ಯಾವ ಆಮೆ ಕೊಟ್ಟಳೆಂದು ಆ ಹುಕುಮು ಕೇಳಲಿಲ್ಲ.

ನಾನೀಗ ಯಾದಗಿರಿಯ ಒಂದು ಆಫೀಸಿನಲ್ಲಿ ಗುಮಾಸ್ತಳು. ಗೋಡೆಯ ಮೇಲೆ ಮೊದಲು ಬಂದ ಅರ್ಜಿಗೆ ಮೊದಲು ಎಂದು ಬರೆದಿದೆ. ಮೇಜಿನ ಮೇಲೆ ನಡೆಯುವುದು ಆಟದ ನಿಯಮ: ಕೊನೆಗೆ ಬಂದು ಮೇಲೆ ಕೂತ ಫೈಲು ಮೊದಲು ಒಳಗೆ ಹೋಗುತ್ತದೆ, ತಳದ್ದು ತಳದಲ್ಲೇ. ಒಂದು ಕಾಲಕ್ಕೆ ನಾನು ಮಮತೆ ಪಟ್ಟ ನಿಯಮ ಅದು. ಈಗ ನೋಡಿದರೆ ಅದೂ ಮೇಲಿದ್ದವರ ಕಡೆಯದೇ.

ಹೋದ ವರ್ಷ ಬೇಸಿಗೆ ರಜೆಗೆ ಮಗಳನ್ನು ಕರೆದುಕೊಂಡು ಸುರಪುರಕ್ಕೆ ಹೋಗಿದ್ದೆ. ಅಪ್ಪ ರಿಟೈರಾದ ಮೇಲೆ ಅವ್ವ ಅಪ್ಪ ಅಲ್ಲೇ ಇದ್ದಾರೆ, ಸುತ್ತ ಅವ್ವನ ಬಳಗ, ಮನೆ ತುಂಬ ಜನ. ಮಗಳಿಗೆ ಹನ್ನೊಂದು. ಈಗ ಅಂಥ ಕಾರ್ಡುಗಳು ಪುಸ್ತಕದಂಗಡಿಯಲ್ಲೇ ಸಿಗುತ್ತವೆ, ನಿಯಮಗಳನ್ನು ಮೊಬೈಲಿನಲ್ಲಿ ನೋಡಿ ಕಲಿಯುತ್ತಾರೆ. ಮಧ್ಯಾಹ್ನ ಪಡಸಾಲೆಯಲ್ಲಿ ಪಕ್ಕದ ಮನೆಯ ಹುಡುಗಿಯೊಂದಿಗೆ ಆಡುತ್ತಿದ್ದಳು. ನಾನು ಬಾಗಿಲ ಹತ್ತಿರ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಇದ್ದಕ್ಕಿದ್ದಂತೆ ಜಗಳ ಎದ್ದಿತು, ನಾನು ಮೊದಲು, ನೀನು ಆಮೇಲೆ ಎಂದು. ಕಡೆಗೆ ನನ್ನ ಮಗಳು, "ಮುತ್ಯಾ, ನೀನ ಹೇಳು. ಅಕಿ ಹೊಡಿಯೋ ಕಾರ್ಡ ಹಾಕ್ಯಾಳ, ನಾ ಅದರ ಮ್ಯಾಲ ಕವಚ ಹಾಕೀನಿ. ಯಾವುದು ಮೊದಲ?" ಎಂದಳು.

ಅಪ್ಪ ಕಣ್ಣು ಕೂಡ ತೆರೆಯಲಿಲ್ಲ. "ಕೊನೀಗೆ ಹಾಕಿದ್ದು ಮೊದಲ ನಡೀತದವ್ವ" ಎಂದ. "ಚಿಪ್ಪು ಮೊದಲ, ಬೆಂಕಿ ಆಮ್ಯಾಲ."

"ಚಿಪ್ಪು ಎಲ್ಲಿ ಅದ ಮುತ್ಯಾ? ಇದು ಕವಚ!" ಎಂದು ಮಗಳು ನಕ್ಕಳು.

ಅಪ್ಪ ಕಣ್ಣು ತೆರೆದ. ಮೊದಲು ಮಗುವನ್ನು ನೋಡಿದ, ಆಮೇಲೆ ನನ್ನನ್ನು. ನನ್ನ ಕೈಯ ಮೆಣಸಿನಕಾಯಿ ಕೈಯಲ್ಲೇ ಇತ್ತು. ಗ್ರೀಸು ಸವರುತ್ತ, ಬೀಡಿ ಸೇದುತ್ತ, ಆ ಎಂಟು ತಿಂಗಳು ಅವನು ಒಂದೊಂದು ಕಾರ್ಡನ್ನೂ ಕೇಳಿಸಿಕೊಂಡಿದ್ದ. ಅವನಿಗೆ ಗೊತ್ತಿತ್ತು. ಆವತ್ತು ನನಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನನ್ನ ಮಾತನ್ನು ಅರ್ಧಕ್ಕೆ ತಡೆದದ್ದು.

ಮಕ್ಕಳು ಮತ್ತೆ ಆಟಕ್ಕೆ ತಿರುಗಿದರು. ಅಪ್ಪನ ಕೈ ಅಂಗಿಯ ಜೇಬಿನ ಹತ್ತಿರ ಹೋಯಿತು, ಈಗ ಅಲ್ಲಿ ಗಡಿಯಾರವಿಲ್ಲ. "ಆ ವರ್ಷ ಯಾದಿ ಹೋಗಾದಿತ್ತವ್ವ" ಎಂದ, ನನಗಷ್ಟೇ ಕೇಳುವ ಹಾಗೆ.  ಟ್ರಂಕಿನ ತಳದಲ್ಲಿದ್ದ ಹಾಳೆ, ಲಾರಿಯ ಹತ್ತಿರ ಅವನು ನಕ್ಕ ನಗು, ಸಿಪ್ಪೆ ಎದ್ದ ಅಂಗೈ, ಎಲ್ಲವೂ ಒಂದರ ಮೇಲೊಂದು ನಾಲಿಗೆಯ ತುದಿಗೆ ಬಂದವು.  ಅಪ್ಪ ನೆಲ ನೋಡುತ್ತ, "ಆತೇನವ್ವಾ?" ಎಂದ.

ಆತು ಎಂದು ನಾನು ಅನ್ನಲಿಲ್ಲ. ಇನ್ನೂ ಅಂದಿಲ್ಲ.